ಫಿರಂಗಿಯನ್ನು ಬಿಟ್ಟುಕೊಟ್ಟದ್ದು

ಸಾಲಾಗಿ ಐದನೆಯ ಪಂದ್ಯ ಸೋತ ಮರುದಿನ ಬೆಳಿಗ್ಗೆ ಹಾಕಿ ಕ್ಲಬ್ಬಿನ ಅಧ್ಯಕ್ಷೆ ಕೋಚನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಅಡಿಯಲ್ಲಿತ್ತು ಆ ಕೋಣೆ. ಮೇಲಿನ ಮೆಟ್ಟಿಲುಗಳ ಓರೆಗೆ ತಕ್ಕಂತೆ ಛಾವಣಿಯೂ ಓರೆಯಾಗಿ ಇಳಿದಿತ್ತು. ಎತ್ತರದ ಆಳಾದ ಕೋಚ್ ತಲೆ ಬಗ್ಗಿಸದೆ ಒಳಗೆ ಬರುವ ಹಾಗಿರಲಿಲ್ಲ. “ನನ್ನ ಮುಂದೆ ತಲೆ ತಗ್ಗಿಸದೆ ಬಂದೋರೇ ಇಲ್ಲ ನೋಡಿ” ಎಂದು ಅಧ್ಯಕ್ಷೆ ಯಾವಾಗಲೂ ನಗೆಯಾಡುವುದಿತ್ತು. ಅವತ್ತು ಆ ಮಾತು ಬರಲಿಲ್ಲ. “ಕೂತ್ಕೊಳ್ಳಿ” ಅಂದರು. ಒಳ್ಳೆಯ ಸುದ್ದಿಯನ್ನು ಆಕೆ ನಿಂತ ಕಾಲಲ್ಲೇ ಹೇಳಿ ಕಳಿಸುವವರು. ಕೂರಿಸಿದರೆಂದರೆ ಕೆಟ್ಟದ್ದೇ.

“ಬಂದರಿನ ಕ್ಲಬ್ಬಿನವರು ಫೋನ್ ಮಾಡಿದ್ರು. ನಮ್ಮ ಫಿರಂಗೀನ ಕೇಳ್ತಿದಾರೆ.”

ಕೋಚ್ ಕುರ್ಚಿ ಎಳೆದುಕೊಂಡು ಕೂತ.

“ಅವನ ಬದಲಿಗೆ ಇಬ್ಬರನ್ನ ಕೊಡ್ತಾರಂತೆ. ಒಬ್ಬ ಹಿಂದೆ ಆಡೋನು, ಒಬ್ಬ ನಡುವೆ ಆಡೋನು. ಇಬ್ಬರೂ ಎಳೆಯರು, ಚುರುಕಾಗಿದಾರೆ.”

“ಈ ಸೀಸನ್ನಲ್ಲಿ ಅವನು ಒಂದೂ ಗೋಲ್ ಹೊಡೆದಿಲ್ಲ. ಅವರಿಗ್ಯಾಕೆ ಬೇಕಂತೆ?”

“ಹೆಸರು ಬೇಕು ಅವರಿಗೆ. ಅವನ ಫೋಟೋ ಅಂಟಿಸಿದ್ರೆ ಇವತ್ತಿಗೂ ಜನ ಬರ್ತಾರೆ. ಆಮೇಲೆ ಅಲ್ಲಿಯ ಕೋಚ್ ಅಂದನಂತೆ, ಫಿರಂಗಿಗೆ ತುಕ್ಕು ಹಿಡಿದಿಲ್ಲ, ಮದ್ದು ಒದ್ದೆಯಾಗಿದೆ ಅಷ್ಟೆ, ನಾನು ಒಣಗಿಸ್ಕೋತೀನಿ ಅಂತ.” ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿ, ನಾವು ಈಗ ಪಟ್ಟಿಯ ತಳದಲ್ಲಿದೀವಿ. ಕೆಳಗಿನ ದರ್ಜೆಗೆ ಜಾರಿದ್ರೆ ಅರ್ಧ ಹುಡುಗರು ಬೇರೆ ಕೆಲಸ ಹುಡುಕ್ಕೋಬೇಕು. ಇದು ನಿಮಗೂ ಗೊತ್ತು. ಅವನು ನಿಮ್ಮ ಹೆಂಡತಿಯ ತಮ್ಮ ಅನ್ನೋದು ನನಗೂ ಗೊತ್ತು. ಅದಕ್ಕೇ ತೀರ್ಮಾನ ನಿಮಗೇ ಬಿಡ್ತೀನಿ. ಕೊಡಿ ಅಂದ್ರೆ ಕೊಡ್ತೀನಿ, ಇರಲಿ ಅಂದ್ರೆ ಇಟ್ಕೋತೀನಿ. ನಾನೇ ಕಳಿಸಿದೆ ಅಂತ ನಿಮ್ಮ ಮನೇಲಿ ನನಗೆ ಶಾಪ ಹಾಕೋದು ಬೇಡ.”

“ಹಾಗಾದ್ರೆ ಶಾಪ ನನಗೆ ತಟ್ಟಲಿ ಅಂತಾನಾ?”

“ನಿಮ್ಮನೆ ಶಾಪ ನಿಮ್ಮನೇಲೇ ಇರುತ್ತಲ್ಲ” ಅಂದರು ಅಧ್ಯಕ್ಷೆ. ನಗಿಸಲೆಂದು ಆಡಿದ ಮಾತು. ಇಬ್ಬರಿಗೂ ನಗು ಬರಲಿಲ್ಲ. “ಶುಕ್ರವಾರ ಸಂಜೆಗೆ ಅದಲು ಬದಲಿನ ಗಡುವು ಮುಗಿಯುತ್ತೆ. ಅಷ್ಟರೊಳಗೆ ಹೇಳಿ.”

ಕೋಚ್ ಎದ್ದು ತಲೆ ಬಗ್ಗಿಸಿ ಹೊರಗೆ ಬಂದ. ಮೈದಾನಕ್ಕೆ ನೀರು ಹಾಯಿಸುತ್ತಿದ್ದರು. ನೀಲಿ ಟರ್ಫಿನ ಮೇಲೆ ನೀರಿನ ಚಿಲುಮೆ ಚಕ್‌ಚಕ್ ಎಂದು ಸುತ್ತುತ್ತಿತ್ತು. ಅದರಾಚೆಯ ಗೋಲಿನ ಎದುರು ಒಬ್ಬನೇ ನಿಂತು ಫಿರಂಗಿ ಚೆಂಡು ಹೊಡೆಯುತ್ತಿದ್ದ. ಗೋಲು ಖಾಲಿಯಿತ್ತು. ಹೊಡೆದ ಪ್ರತಿಯೊಂದು ಚೆಂಡೂ ಹಲಗೆಗೆ ಬಡಿದು ಢಂ ಢಂ ಎನ್ನುತ್ತಿತ್ತು. ಅಷ್ಟು ದೂರಕ್ಕೂ ಆ ಸದ್ದು ಎದೆಗೆ ತಾಗುತ್ತಿತ್ತು.

ಮದುವೆಯಾದಾಗ ಕೋಚ್‌ಗೆ ಹೆಂಡತಿಯ ಜೊತೆಗೇ ಬಂದ ಬಳುವಳಿ ಅವನು. ತಾಯಿ ತೀರಿಕೊಂಡಿದ್ದಳು. ತಂದೆ ದೂರದೂರದ ಲಾರಿ ಓಡಿಸುತ್ತ ಮನೆಗೆ ಬರುವುದೇ ಅಪರೂಪ. ಅಕ್ಕನ ಸೆರಗು ಬಿಡದ ಆ ಪೋರ ಮದುವೆಯ ಮಾರನೆಯ ದಿನ ತನ್ನ ಬಟ್ಟೆಯ ಗಂಟು ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಂತು, “ಭಾವ, ನಾನೂ ಇಲ್ಲೇ ಇರ್ತೀನಿ, ಜಾಸ್ತಿ ತಿನ್ನಲ್ಲ” ಅಂದಿದ್ದ. ಆಮೇಲೆ ಇಬ್ಬರ ಪಾಲನ್ನು ಒಬ್ಬನೇ ತಿಂದು ಬೆಳೆದ, ಆ ಮಾತು ಬೇರೆ. ಅಕ್ಕ ಅವನನ್ನು ‘ಮರಿ’ ಅಂತಲೇ ಕರೆಯುತ್ತಿದ್ದಳು. ಆರಡಿ ಬೆಳೆದ ಮೇಲೂ ಮರಿಯೇ. ಅವರಿಗೆ ಮಕ್ಕಳಾಗಲಿಲ್ಲ. ಆದರೂ ಮನೆಯಲ್ಲಿ ಮಕ್ಕಳಿಲ್ಲವೆಂದು ಯಾರೂ ಅಂದುಕೊಳ್ಳಲಿಲ್ಲ.

ಆಡುತ್ತಿದ್ದ ಕಾಲದಲ್ಲಿ ಕೋಚ್ ರಕ್ಷಣೆಯ ಆಟಗಾರ. ಅವನನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ ಎಂದು ಜನ ‘ಗೋಡೆ’ ಎನ್ನುತ್ತಿದ್ದರು. “ಇವರಿಗೆ ಏನು ಹೇಳಿದ್ರೂ ಗೋಡೆಗೆ ಹೇಳಿದ ಹಾಗೆ” ಎಂದು ಹೆಂಡತಿ ಅದನ್ನು ಮನೆಯೊಳಗೂ ಬಳಸಿಕೊಂಡಿದ್ದಳು. ಹುಡುಗನಿಗೆ ಮೊದಲು ಸ್ಟಿಕ್ಕು ಹಿಡಿಸಿದವನೂ ಅವನೇ. ಹಿಡಿಸುವುದೇ ತಡ, ಆ ಹುಡುಗನ ಮುಂಗೈಯಲ್ಲಿ ಯಾರೂ ಕಲಿಸದ ಏನೋ ಒಂದು ಇದೆ ಎಂದು ಅವನಿಗೆ ಗೊತ್ತಾಗಿಹೋಯಿತು. ಪೆನಾಲ್ಟಿ ಕಾರ್ನರಿನಲ್ಲಿ ಗೋಲಿನ ಗೆರೆಯಿಂದ ಚೆಂಡನ್ನು ದೂರಕ್ಕೆ ತಳ್ಳಿ, ಅಲ್ಲಿ ಅದನ್ನು ನಿಲ್ಲಿಸಿಕೊಡುತ್ತಾರೆ. ಹೊಡೆಯುವವನು ಬಗ್ಗಿ, ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಎಳೆದು ಬೀಸಿ ಬಿಡಬೇಕು. ಅವನು ಬೀಸಿದರೆ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ. ಗೋಲಿನ ಹಲಗೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಮೆಟ್ಟಿಲುಗಳ ಮೇಲಿನ ಜನ ‘ಫಿರಂಗಿ, ಫಿರಂಗಿ’ ಎಂದು ಕೂಗಿ ಕೂಗಿ ಕೊನೆಗೆ ಪತ್ರಿಕೆಯವರೂ ಹಾಗೇ ಬರೆಯತೊಡಗಿದರು.

ಹೋದ ವರ್ಷದ ಸೆಮಿಫೈನಲ್‌ವರೆಗೂ ಹೀಗೇ ನಡೆಯಿತು.

ಪೆನಾಲ್ಟಿ ಕಾರ್ನರ್ ಹೊಡೆಯುವಾಗ ಎದುರು ತಂಡದ ಒಬ್ಬ ಗೋಲಿನಿಂದ ನೇರವಾಗಿ ಹೊಡೆಯುವವನ ಮೇಲೇ ನುಗ್ಗಿ ಬರುತ್ತಾನೆ. ಮುಖವಾಡ, ಮೊಣಕಾಲಿಗೆ ಪಟ್ಟಿ ಎಲ್ಲ ಇದ್ದರೂ ಗುಂಡಿಗೆ ಇದ್ದವರಿಗೆ ಮಾತ್ರ ಆಗುವ ಕೆಲಸ ಅದು. ಅವತ್ತು ಪಕ್ಕದ ಊರಿನ ತಂಡದಿಂದ ನುಗ್ಗಿ ಬಂದವನು ಮೀಸೆ ಆಗಷ್ಟೇ ಮೂಡಿದ ಹುಡುಗ. ಫಿರಂಗಿ ಬೀಸಿದ. ಹುಡುಗ ಕೊನೆಯ ಗಳಿಗೆಯಲ್ಲಿ ಮುಖ ತಿರುಗಿಸಿದ. ಚೆಂಡು ಮುಖವಾಡ ಮುಚ್ಚದ ಜಾಗಕ್ಕೆ, ಕಿವಿಯ ಹಿಂದಕ್ಕೆ ಬಡಿಯಿತು. ಹುಡುಗ ಎರಡು ಹೆಜ್ಜೆ ಓಡಿಯೇ ಬಂದ. ಫಿರಂಗಿಯ ಕಾಲ ಬಳಿ ಬಂದು ಕುಸಿದ.

ಸಾಯಲಿಲ್ಲ. ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದ. ಬಲಗೈ ಮಡಚಿಕೊಂಡೇ ಉಳಿಯಿತು, ಮಾತುಗಳು ಹೊರಟುಹೋದವು. ತಪ್ಪು ಯಾರದೂ ಅಲ್ಲ ಎಂದು ಅಂಪೈರ್ ಹೇಳಿದರು, ಲೀಗಿನವರು ಹೇಳಿದರು, ಆ ಹುಡುಗನ ಕೋಚೂ ಹೇಳಿದ. ಎಲ್ಲರೂ ಹೇಳಿದ್ದು ನಿಜವೇ. ಆದರೆ ಫಿರಂಗಿಯ ಕೈ ಅದನ್ನು ಕೇಳಿಸಿಕೊಳ್ಳಲಿಲ್ಲ. ಖಾಲಿ ಗೋಲಿಗೆ ಅವನು ಮುಂಚಿನ ಹಾಗೇ ಹೊಡೆಯುತ್ತಿದ್ದ. ಎದುರಿನಿಂದ ಒಬ್ಬ ಮನುಷ್ಯ ಓಡಿ ಬಂದರೆ ಸಾಕು, ಮುಂಗೈಯಲ್ಲಿ ಜೀವವೇ ಇರುತ್ತಿರಲಿಲ್ಲ. ಚೆಂಡು ಮುದುಕಿಯ ಹಾಗೆ ತೆವಳಿಕೊಂಡು ಹೋಗಿ ಎದುರಾಳಿಯ ಸ್ಟಿಕ್ಕಿಗೆ ಸಿಗುತ್ತಿತ್ತು.

ಕೋಚ್ ಮಾಡದ ಪ್ರಯತ್ನವಿಲ್ಲ. ಕಾರ್ನರ್ ಹೊಡೆಯುವುದನ್ನು ಬೇರೆಯವರಿಗೆ ವಹಿಸಿ, ಅವನನ್ನು ಮುಂದೆ ಬರೀ ಓಟಗಾರನಾಗಿ ಆಡಿಸಿ ನೋಡಿದ. ಆಗ ಅವನು ಎದುರಾಳಿಯ ಮೈ ತಾಗಿದರೂ ಚೆಂಡು ಬಿಟ್ಟುಕೊಟ್ಟು “ಪೆಟ್ಟಾಯ್ತಾ?” ಎಂದು ಕೇಳತೊಡಗಿದ. ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದ. ಡಾಕ್ಟರು ಸಮಯ ಬೇಕು ಅಂದರು. ಸಮಯ ಕೊಡಲು ಲೀಗು ಅವರಪ್ಪನ ಮನೆಯದಾಗಿರಲಿಲ್ಲ.

ಅಧ್ಯಕ್ಷೆ ಕರೆದ ದಿನವೇ ಅಭ್ಯಾಸ ಮುಗಿದ ಮೇಲೆ ತಂಡದ ನಾಯಕ ಬಂದ. ಗೋಲ್‌ಕೀಪರ್. ಕಾಲಿನ ದಪ್ಪ ಪ್ಯಾಡುಗಳನ್ನು ಕಳಚುತ್ತ ಬೆಂಚಿನ ಮೇಲೆ ಕೂತು, ಬಹಳ ಹೊತ್ತು ಪಟ್ಟಿ ಬಿಚ್ಚುವುದರಲ್ಲೇ ಇದ್ದ. ಆಟಗಾರರ ಕೋಣೆಗಳಲ್ಲಿ ಗುಟ್ಟು ನಿಲ್ಲುವುದಿಲ್ಲ.

“ಸರ್, ಬಂದರಿನವರ ವಿಷಯ ಕೇಳಿದ್ವಿ.”

“ಏನು ಕೇಳಿದ್ರಿ?”

“ಅವನನ್ನ ಕಳಿಸಿಬಿಡಿ ಸರ್.” ಹೇಳಿದ ಮೇಲೆ ಅವನೇ ಬೆಚ್ಚಿದಂತೆ ಕಾಣಿಸಿದ. “ನಮಗೆ ಅವನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು, ಬಯ್ಕೊಂಡು ಆಡ್ತಿದ್ವಿ. ಪಾಪ ಅನ್ಸುತ್ತೆ ಸರ್. ಅವನ ಮುಂದೆ ಸೋತದ್ದಕ್ಕೆ ಬಯ್ಯೋ ಹಾಗಿಲ್ಲ, ಗೆದ್ದದ್ದಕ್ಕೆ ಕುಣಿಯೋ ಹಾಗಿಲ್ಲ. ಡ್ರೆಸ್ಸಿಂಗ್ ರೂಮು ಸಾವಾದ ಮನೆ ಥರ ಆಗೋಗಿದೆ. ನನಗೂ ಚಿಕ್ಕ ಮಕ್ಕಳಿದಾರೆ ಸರ್, ನಾನು ದಿನಾ ಸಾವಿನ ಮನೆಗೆ ಕೆಲಸಕ್ಕೆ ಬರೋಕಾಗಲ್ಲ.”

“ಅವನು ನಿನಗೆ ಎಷ್ಟು ಪಂದ್ಯ ಗೆದ್ದುಕೊಟ್ಟಿದಾನೆ ಗೊತ್ತಾ?”

“ಗೊತ್ತು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ.”

ಮನೆ ಎರಡನೆಯ ಮಹಡಿಯಲ್ಲಿತ್ತು. ಶಾಲೆಯಲ್ಲಿ ಲೆಕ್ಕದ ಪಾಠ ಹೇಳುವ ಹೆಂಡತಿ ಅಷ್ಟು ಹೊತ್ತಿಗೆ ಬಂದು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ದೊಡ್ಡ ಹೊದಿಕೆಯನ್ನು ಮಡಚಲು ಒಂದು ತುದಿ ಅವನ ಕೈಗೆ ಕೊಟ್ಟಳು. ಇಬ್ಬರೂ ಎರಡು ತುದಿ ಹಿಡಿದು ನಿಂತಾಗ ಅವನು ವಿಷಯ ಹೇಳಿದ. ಅವಳು ಹೊದಿಕೆಯನ್ನು ಬಿಗಿಯಾಗಿ ಎಳೆದು ಹಿಡಿದಳು, ಮಡಚಲಿಲ್ಲ.

“ಕೊಟ್ಟು ತಗೊಳ್ಳೋಕೆ ಅವನೇನು ಪಾತ್ರೆಯಾ?”

“ಆಟದಲ್ಲಿ ಎಲ್ಲರೂ ಹಾಗೇ ಹೋಗ್ತಾರೆ, ಬರ್ತಾರೆ. ನಾನೂ ಎರಡು ಸಲ ಹೋಗಿರ್ಲಿಲ್ವಾ?”

“ನೀವು ನಗ್ತಾ ಹೋಗಿದ್ರಿ. ನೆಟ್ಟಗಿದ್ದೋರು ಎಲ್ಲಿಗೆ ಬೇಕಾದ್ರೂ ಹೋಗಬಹುದು ಕಣ್ರೀ. ಇವನು ಈಗ ನಿಂತಿರೋದು ಎರಡು ಊರುಗೋಲಿನ ಮೇಲೆ. ಒಂದು ನಾವು. ಇನ್ನೊಂದು…” ಅವಳು ಮಾತು ನಿಲ್ಲಿಸಿ ಅವನನ್ನು ನೋಡಿದಳು. “ಗುರುವಾರ ರಜಾ ದಿನ ಅವನು ಎಲ್ಲಿಗೆ ಹೋಗ್ತಾನೆ ಅಂತ ಯಾವತ್ತಾದ್ರೂ ಕೇಳಿದೀರಾ?”

“ಸ್ನೇಹಿತರ ಜೊತೆ ಹೋಗ್ತಾನೆ ಅನ್ಕೊಂಡಿದ್ದೆ.”

“ಆ ಹುಡುಗನ ಮನೆಗೆ ಹೋಗ್ತಾನೆ. ಆಸ್ಪತ್ರೆಯಿಂದ ಅವನನ್ನ ಮನೆಗೆ ಕರ್ಕೊಂಡು ಬಂದಾಗಿನಿಂದ, ಒಂದು ವಾರ ತಪ್ಪಿಸಿಲ್ಲ. ನನಗೂ ಈಚೆಗೆ ಗೊತ್ತಾಯ್ತು. ನಾಳಿದ್ದು ಗುರುವಾರ. ನೀವೂ ಒಂದ್ಸಲ ಹೋಗಿ ನೋಡಿ. ಆಮೇಲೆ ಕೊಡೋದೋ ಇಟ್ಕೊಳ್ಳೋದೋ, ನಿಮ್ಮ ಇಷ್ಟ.”

ಅವಳು ತನ್ನ ತುದಿಯನ್ನು ತಂದು ಅವನ ಕೈಯಲ್ಲಿಟ್ಟು ಒಳಗೆ ಹೋದಳು. ಕೋಚ್ ಹೊದಿಕೆಯನ್ನು ಒಬ್ಬನೇ ಮಡಚಲು ನೋಡಿದ. ಆಗಲಿಲ್ಲ. ಉಂಡೆ ಮಾಡಿ ಕುರ್ಚಿಯ ಮೇಲೆ ಹಾಕಿದ.

ಗುರುವಾರ ಫಿರಂಗಿಯ ಬೈಕಿನ ಹಿಂದೆ ಕೂತು ಅವನೂ ಹೊರಟ. “ನೀವ್ಯಾಕೆ ಭಾವ?” ಎಂದು ಫಿರಂಗಿ ಒಂದು ಸಲ ಕೇಳಿದ. “ನೋಡ್ಕೊಂಡು ಬರೋಣ ಅಂತ” ಅಂದ.

ಆ ಮನೆ ಒಂದು ಇಕ್ಕಟ್ಟಾದ ಬೀದಿಯಲ್ಲಿತ್ತು. ಬಟ್ಟೆ ಹೊಲಿಯುವ ತಾಯಿ, ಮಗ, ಇಬ್ಬರೇ. ಮುಂದಿನ ಕೋಣೆಯಲ್ಲಿ ಹೊಲಿಗೆಯ ಯಂತ್ರ, ಕತ್ತರಿಸಿಟ್ಟ ತೋಳುಗಳು, ಕಾಲರುಗಳು. ರಸ್ತೆ ಕಾಣುವ ಕಿಟಕಿಯ ಪಕ್ಕದಲ್ಲಿ ಹುಡುಗ ಕೂತಿದ್ದ. ಫಿರಂಗಿಯನ್ನು ಕಂಡದ್ದೇ ಅವನ ಮುಖ ದೀಪ ಹಚ್ಚಿದ ಹಾಗಾಯಿತು. ಎಡಗೈ ಚಾಚಿ ಫಿರಂಗಿಯ ಅಂಗಿಯ ತೋಳು ಹಿಡಿದುಕೊಂಡ, ಬಿಡಲೇ ಇಲ್ಲ. ತನಗೆ ಪೆಟ್ಟು ಕೊಟ್ಟವನು ಇವನೇ ಎಂದು ಅವನಿಗೆ ತಿಳಿದಿರಲಿಲ್ಲ. ವಾರಕ್ಕೊಮ್ಮೆ ಬರುವ ಗೆಳೆಯ ಎಂದಷ್ಟೇ ಗೊತ್ತು. ಫಿರಂಗಿ ನೆಲದ ಮೇಲೆ ಕೂತು ಅವನ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಉಗುರು ಕತ್ತರಿಸತೊಡಗಿದ. ಎಷ್ಟು ಮೆತ್ತಗೆ ಎಂದರೆ, ಕೋಚ್ ನೋಡಲಾಗದೆ ಮುಖ ತಿರುಗಿಸಿದ.

“ಸರ್, ಸ್ವಲ್ಪ ಹಿಂದಕ್ಕೆ ಬರ್ತೀರಾ? ನಲ್ಲಿ ಸೋರ್ತಿದೆ, ನೋಡಿ ಹೇಳಿ” ಎಂದು ತಾಯಿ ಕರೆದಳು.

ಹಿತ್ತಲಲ್ಲಿ ಯಾವ ನಲ್ಲಿಯೂ ಸೋರುತ್ತಿರಲಿಲ್ಲ. ಅವಳು ಒಗೆಯುವ ಕಲ್ಲಿಗೆ ಒರಗಿ ನಿಂತು, ದನಿ ತಗ್ಗಿಸಿ, ಒಂದೇ ಉಸಿರಿಗೆ ಹೇಳಿದಳು.

“ನಿಮಗೆ ಕೈ ಮುಗೀತೀನಿ ಸರ್. ಅವನನ್ನ ಎಲ್ಲಾದ್ರೂ ದೂರ ಕರ್ಕೊಂಡು ಹೋಗಿ. ಇಲ್ಲಿಗೆ ಬಾರದ ಹಾಗೆ ಮಾಡಿ.”

“ಏನಾದ್ರೂ ತೊಂದರೆ ಮಾಡಿದ್ನಾ?”

“ಅಯ್ಯೋ, ತೊಂದರೆಯಾ? ಬಂಗಾರದಂಥ ಹುಡುಗ. ಮೊದಲನೇ ದಿನ ಅವನು ಬಾಗಿಲಿಗೆ ಬಂದಾಗ ಬಾಯಿಗೆ ಬಂದ ಹಾಗೆ ಬಯ್ಯಬೇಕು ಅಂತ ಬಾಯಿ ತೆರೆದೆ. ಆ ಮುಖ ನೋಡಿ ಮುಚ್ಕೊಂಡೆ. ಅವತ್ತಿಂದ ಮುಚ್ಕೊಂಡೇ ಇದೀನಿ. ಮಗ ಒಂದು ತುತ್ತು ಉಗುಳಿದ್ರೆ ಇವನು ಅಳ್ತಾನೆ. ಮಗ ಬಿದ್ರೆ ಇವನು ಅಳ್ತಾನೆ. ನಾನು ಇವನನ್ನ ಸಮಾಧಾನ ಮಾಡ್ಬೇಕು. ನನ್ನ ಮಗನಿಗೆ ಹೀಗಾಯ್ತಲ್ಲ ಅಂತ ನಾನು ಯಾವಾಗ ಅಳಲಿ ಸರ್? ಒಂದು ಮಗೂನ ನೋಡ್ಕೊಳ್ಳೋಷ್ಟು ಶಕ್ತಿ ಇದೆ ನನಗೆ. ಎರಡನ್ನ ಸಾಕೋಕಾಗಲ್ಲ.” ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನಾನು ಹೇಳಿದೆ ಅಂತ ಅವನಿಗೆ ಹೇಳಬೇಡಿ. ಸತ್ತೇ ಹೋಗ್ತಾನೆ.”

ಆಗಲಿ ಎಂದು ಕೋಚ್ ತಲೆಯಾಡಿಸಿದ. ಒಳಗೆ ಬಂದಾಗ ಫಿರಂಗಿ ಬಿದ್ದ ಉಗುರಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

ವಾಪಸು ಬರುವಾಗ ಹೆದ್ದಾರಿಯ ಪಕ್ಕದ ಟೀ ಅಂಗಡಿಯಲ್ಲಿ ಕೋಚ್ ಬೈಕು ನಿಲ್ಲಿಸು ಅಂದ. ಪೆಟ್ರೋಲು ವಾಸನೆಯ ಗಾಳಿ, ಹಾದುಹೋಗುವ ಲಾರಿಗಳು. ಎರಡು ಲೋಟ ಟೀ ಬಂತು. ಹೇಗೆ ಶುರು ಮಾಡುವುದು ಎಂದು ತೋಚದೆ ಅವನು ಬಂದರಿನವರು ಕೇಳಿದ್ದನ್ನು, ಅಧ್ಯಕ್ಷೆ ಹೇಳಿದ್ದನ್ನು, ತಂಡ ತಳದಲ್ಲಿರುವುದನ್ನು, ಫಿರಂಗಿಗೆ ಗೊತ್ತಿದ್ದದ್ದನ್ನೇ ಎಲ್ಲ ಉದ್ದಕ್ಕೆ ಹೇಳಿದ.

ಫಿರಂಗಿ ಟೀ ಮುಟ್ಟಲಿಲ್ಲ. ಭಾವನ ಮುಖವನ್ನೇ ನೋಡುತ್ತಿದ್ದ, ಇನ್ನೂ ಏನೋ ಬರಲಿದೆ ಎಂಬಂತೆ.

“ಅಷ್ಟೇನಾ ಭಾವ? ಬೇರೆ ಏನೂ ಇಲ್ವಾ?”

“ಅಷ್ಟೇ.”

“ನನ್ನ ಬೆಂಚಲ್ಲಿ ಕೂರಿಸಿ” ಅಂದ ಫಿರಂಗಿ. “ಆಡಿಸಲೇ ಬೇಡಿ. ನೀರಿನ ಬಾಟ್ಲಿ ತುಂಬಿಸ್ತೀನಿ, ಚೆಂಡು ಹೆಕ್ತೀನಿ. ಬಂದರು ಅಂದ್ರೆ ಒಂದು ರಾತ್ರಿಯ ರೈಲು. ಅಲ್ಲಿಂದ ಗುರುವಾರ ಬರೋಕಾಗಲ್ಲ. ನಾನು ನಿಮ್ಮ ಹತ್ರ ಯಾವತ್ತೂ ಏನೂ ಕೇಳಿಲ್ಲ ಭಾವ. ಕಳಿಸಬೇಡಿ.”

ಅದು ನಿಜ. ಜಾಸ್ತಿ ತಿನ್ನಲ್ಲ ಎಂದು ಬಾಗಿಲಲ್ಲಿ ನಿಂತ ದಿನದಿಂದ ಅವನು ಏನನ್ನೂ ಕೇಳಿರಲಿಲ್ಲ. ಕೋಚ್‌ನ ನಾಲಿಗೆಯ ತುದಿಗೆ ಆ ತಾಯಿಯ ಮಾತು ಬಂತು. ಹೇಳಿದರೆ ಈ ಹುಡುಗ ಮುರಿದುಬೀಳುತ್ತಾನೆ. ಹೇಳದಿದ್ದರೆ ಭಾವ ತನ್ನ ಹುದ್ದೆಗಾಗಿ ಮಾರಿದ ಅಂದುಕೊಳ್ಳುತ್ತಾನೆ. ಅಂದುಕೊಳ್ಳಲಿ, ನನ್ನ ಮೇಲಿನ ಸಿಟ್ಟಾದರೂ ಅವನನ್ನು ನೆಟ್ಟಗೆ ನಿಲ್ಲಿಸಲಿ ಎಂದುಕೊಂಡ. ಆ ಗಳಿಗೆಗೆ ಅದು ದೊಡ್ಡ ತ್ಯಾಗದ ಹಾಗೆ ಕಾಣಿಸಿತು.

“ನೋಡೋಣ” ಅಂದ. ನೋಡೋಣ ಅಂದರೆ ಇಲ್ಲ ಅಂತ ಅರ್ಥ ಎಂಬುದು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅವನು ತಲೆ ಬಗ್ಗಿಸಿ ಅಧ್ಯಕ್ಷೆಯ ಕೋಣೆಗೆ ಹೋಗಿ “ಕೊಟ್ಬಿಡಿ” ಅಂದ. ಅಧ್ಯಕ್ಷೆ ಏನೂ ಕೇಳಲಿಲ್ಲ. ಕೇಳಿದ್ದರೂ ಅವನು ಸರಿಯಾಗಿ ಹೇಳುತ್ತಿದ್ದನೋ ಇಲ್ಲವೋ. ಆ ತಾಯಿಗಾಗಿಯೋ, ಗೋಲ್‌ಕೀಪರನ ಮಕ್ಕಳಿಗಾಗಿಯೋ, ದಿನಾ ಬೆಳಿಗ್ಗೆ ಖಾಲಿ ಗೋಲಿನಿಂದ ಬರುವ ಆ ಢಂ ಢಂ ಸದ್ದು ಕೇಳಿ ಕೇಳಿ ತನಗೇ ಸಾಕಾಗಿತ್ತೋ, ಅವನಿಗೇ ಬಿಡಿಸಿ ನೋಡಲು ಆಗಲಿಲ್ಲ. ಹೊರಗೆ ಬರುವಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು.

ಹೆಂಡತಿ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವನು ಆ ತಾಯಿಯ ಮಾತನ್ನು ಅವಳ ಹತ್ತಿರವಾದರೂ ಹೇಳಿಬಿಡುತ್ತಿದ್ದ. ಅವಳು ತಮ್ಮನ ಚೀಲ ತುಂಬಿಸಿದಳು, ಅಂಗಿಗಳಿಗೆ ಇಸ್ತ್ರಿ ಹಾಕಿದಳು, ಒಂದು ಗುಂಡಿ ಸಡಿಲವಾಗಿದ್ದದ್ದನ್ನು ಹೊಲಿದಳು. ರೈಲ್ವೆ ಸ್ಟೇಷನ್ನಿಗೆ ಇಬ್ಬರೂ ಹೋದರು. ಫಿರಂಗಿ ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ನಿಂತ. ಕೋಚ್‌ಗೆ “ಬರ್ತೀನಿ ಭಾವ” ಅಂದ. ರೈಲು ಹೋದ ಮೇಲೆ ಅವಳು ಗಂಡನ ಮುಂದೆ ಮುಂದೆ ನಡೆದಳು. ಆಟೋದಲ್ಲಿ ಪಕ್ಕದಲ್ಲೇ ಕೂತರೂ ಎಷ್ಟೋ ದೂರ ಕೂತ ಹಾಗಿತ್ತು.

ಬದಲಿಗೆ ಬಂದ ಇಬ್ಬರೂ ಒಳ್ಳೆಯ ಹುಡುಗರು. ಹಿಂದೆ ಆಡುವವನು ಬಂದ ವಾರವೇ ಒಂದು ಸೋಲು ತಪ್ಪಿಸಿದ. ನಡುವೆ ಆಡುವವನು ಬಾಯಿಬಡುಕ, ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರನ್ನೂ ಅಣಕಿಸಿ ನಗಿಸುತ್ತಿದ್ದ. ಗೋಲ್‌ಕೀಪರ್ ಮತ್ತೆ ಗಟ್ಟಿಯಾಗಿ ಬಯ್ಯಲು ಶುರು ಮಾಡಿದ. ತಂಡ ಒಂದು ಪಂದ್ಯ ಗೆದ್ದಿತು, ಇನ್ನೊಂದು ಗೆದ್ದಿತು, ತಳದಿಂದ ಮೇಲಕ್ಕೆ ಬಂತು. ಹೋದಲ್ಲೆಲ್ಲ ಜನ ಕೋಚ್‌ನ ಕೈ ಕುಲುಕಿ, “ಗಟ್ಟಿ ಎದೆ ಸರ್ ನಿಮ್ಮದು, ಹೆಂಡತಿ ತಮ್ಮ ಅಂತ ನೋಡಲಿಲ್ಲ” ಅಂದರು. ಪ್ರತಿಯೊಂದು ಹೊಗಳಿಕೆಯೂ ಮೈಮೇಲೆ ಬಿಸಿನೀರು ಚೆಲ್ಲಿದ ಹಾಗಾಗುತ್ತಿತ್ತು.

ಸೀಸನ್ ಮುಗಿಯುವ ಹೊತ್ತಿಗೆ ಬಂದರಿನ ತಂಡ ಇವರ ಮೈದಾನಕ್ಕೇ ಆಡಲು ಬಂತು. ಮೊದಲಾರ್ಧದಲ್ಲೇ ಬಂದರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಫಿರಂಗಿ ಬಂದು ಜಾಗದಲ್ಲಿ ನಿಂತ. ಮೆಟ್ಟಿಲುಗಳ ಮೇಲೆ ಸದ್ದಡಗಿತು. ಅಲ್ಲಿಯ ಕೋಚ್ ಅವನಿಗೆ ಕಾರ್ನರ್ ವಹಿಸಿದ್ದು ಅದೇ ಮೊದಲು. ಇವನು ಹೊಡೆಯುವುದಿಲ್ಲ ಎಂದೇ ಇವರ ಹುಡುಗರೆಲ್ಲ ಅಂದುಕೊಂಡಿದ್ದರು. ಎದುರು ನುಗ್ಗುವ ಕೆಲಸಕ್ಕೆ ಆ ಬಾಯಿಬಡುಕನೇ ಖುಷಿಯಿಂದ ಮುಖವಾಡ ಕಟ್ಟಿಕೊಂಡ.

ಚೆಂಡು ಬಂತು, ನಿಂತಿತು. ಬಾಯಿಬಡುಕ ನುಗ್ಗಿದ. ಫಿರಂಗಿ ಬಗ್ಗಿದ, ಎಳೆದ, ಬೀಸಿದ. ಚೆಂಡು ಓಡಿಬರುವವನ ಕಿವಿಯ ಪಕ್ಕದಿಂದ ಸುಯ್ಯೆಂದು ಹಾದು ಗೋಲಿನ ಮೇಲಿನ ಮೂಲೆಗೆ ನುಗ್ಗಿತು. ಗೋಲ್‌ಕೀಪರ್ ಕೈ ಎತ್ತಲೂ ಇಲ್ಲ. ಬಾಯಿಬಡುಕ ನಿಂತಲ್ಲೇ ತನ್ನ ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಇಡೀ ಮೈದಾನ, ಇವರ ಜನವೇ, ಎದ್ದು ನಿಂತು ‘ಫಿರಂಗಿ’ ಎಂದು ಕೂಗಿತು. ಕೋಚ್‌ನ ಕಣ್ಣಲ್ಲಿ ನೀರು ಬಂತು. ವಾಸಿಯಾದ, ಹುಡುಗ ವಾಸಿಯಾದ ಎಂದು ಒಳಗೇ ಅಂದುಕೊಂಡ. ಆಮೇಲೆ ಅವನ ಮುಖ ನೋಡಿದ. ಗೋಲ್ ಹೊಡೆದವನ ಮುಖವಾಗಿರಲಿಲ್ಲ ಅದು. ಎದುರು ಓಡಿ ಬಂದವನಿಗೆ ಏನಾಯಿತೆಂದು ಅವನು ತಿರುಗಿಯೂ ನೋಡಿರಲಿಲ್ಲ. ಅವತ್ತು ಇನ್ನೂ ಎರಡು ಗೋಲ್ ಹೊಡೆದ, ಎರಡೂ ಹಾಗೇ.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಕೈ ಕುಲುಕುತ್ತ ಬಂದರು. ಫಿರಂಗಿ ಎದುರಿಗೆ ಬಂದು ಕೈ ಚಾಚಿದ.

“ಚೆನ್ನಾಗಿ ಆಡಿದ್ರಿ ಸರ್” ಅಂದ.

ಭಾವ ಎನ್ನಲಿಲ್ಲ. ಕೈ ಒಣಗಿತ್ತು, ತಣ್ಣಗಿತ್ತು. ಅಕ್ಕ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಅವಳ ಹತ್ತಿರ ಎರಡು ನಿಮಿಷ ಮಾತಾಡಿ, ಬಸ್ಸು ಕಾಯ್ತಿದೆ ಎಂದು ಹೊರಟುಹೋದ.

“ಏನಂದ?” ಎಂದು ಕೋಚ್ ಕೇಳಿದ.

“ಚೆನ್ನಾಗಿದೀನಿ ಅಂದ. ಊಟ ಸೇರುತ್ತಾ ಅಂದೆ, ಸೇರುತ್ತೆ ಅಂದ. ಪರಿಚಯದೋರ ಹತ್ರ ಮಾತಾಡೋ ಹಾಗೆ ಮಾತಾಡಿದ ಕಣ್ರೀ.”

ಅದಾಗಿ ಸ್ವಲ್ಪ ದಿನಕ್ಕೆ ಆ ಹುಡುಗನ ತಾಯಿಯ ಫೋನ್ ಬಂತು. ದನಿ ಗುರುತು ಸಿಗದಷ್ಟು ಸೋತಿತ್ತು.

“ಸರ್, ನಾನೇ ಬೇಡ ಅಂದೋಳು, ಈಗ ಯಾವ ಮುಖ ಇಟ್ಕೊಂಡು ಕೇಳಲಿ. ಮಗ ಊಟ ಬಿಟ್ಟಿದಾನೆ. ಕಿಟಕಿ ಬಿಟ್ಟು ಏಳಲ್ಲ. ಮೊದಲು ಗುರುವಾರ ಮಾತ್ರ ಕಾಯ್ತಿದ್ದ. ಈಗ ಯಾವ ದಿನ ಬರ್ತಾನೋ ಅಂತ ಎಲ್ಲಾ ದಿನ ಕಾಯ್ತಾನೆ. ಒಂದೇ ಒಂದು ಸಲ ಬಂದು ಹೋಗೋಕೆ ಹೇಳ್ತೀರಾ?”

ಕೋಚ್ ಬಂದರಿಗೆ ಫೋನ್ ಮಾಡಿದ. ಎರಡು ಸಲ ಎತ್ತಲಿಲ್ಲ, ಮೂರನೆಯ ಸಲ ಎತ್ತಿದ. ಕೋಚ್ ವಿಷಯ ಹೇಳಿದ.

“ಅವತ್ತು ಹಿತ್ತಲ ಕಿಟಕಿ ತೆರೆದೇ ಇತ್ತು ಭಾವ” ಅಂದ ಫಿರಂಗಿ. “ಆಕೆ ಹೇಳಿದ್ದೆಲ್ಲ ನನಗೆ ಕೇಳಿಸ್ತು. ಟೀ ಅಂಗಡೀಲಿ ನೀವು ಹೇಳ್ತೀರೇನೋ ಅಂತ ಕಾದೆ. ಹೇಳಿದ್ರೆ ನಿಮ್ಮ ಕೈ ಹಿಡ್ಕೊಂಡು ಅತ್ತುಬಿಡೋಣ ಅಂತ ಇದ್ದೆ. ನೀವು ಪಟ್ಟಿ, ತಳ, ಲೀಗು ಅಂತ ಏನೇನೋ ಹೇಳಿದ್ರಿ. ಆಕೆಗೂ ನಾನು ಬೇಡ, ನಿಮಗೂ ಬೇಡ ಅಂತಾಯ್ತು.”

“ಹಾಗಲ್ವೋ. ನಿನಗೆ ನೋವಾಗುತ್ತೆ ಅಂತ…”

“ಗೊತ್ತು ಭಾವ. ಈಗ ಗೊತ್ತಾಗುತ್ತೆ. ಆದರೆ ಆ ರೈಲಲ್ಲಿ ಒಳಗೆ ಏನೋ ಮುಚ್ಚಿಹೋಯ್ತು. ಅದು ಮುಚ್ಚಿದ ಮೇಲೆ ಕೈ ಸೋಲೋದು ನಿಂತಿತು. ಎದುರಿಗೆ ಓಡಿ ಬರೋನು ಈಗ ನನಗೆ ಮನುಷ್ಯನ ಹಾಗೆ ಕಾಣಲ್ಲ, ಕಂಬದ ಹಾಗೆ ಕಾಣ್ತಾನೆ. ಅದಕ್ಕೇ ಹೊಡೀತೀನಿ. ಅಲ್ಲಿಗೆ ಬಂದು ಅವನ ಕೈ ಹಿಡಿದ್ರೆ ಮತ್ತೆ ತೆರ್ಕೊಳ್ಳುತ್ತೆ. ಮತ್ತೆ ಮುಚ್ಚೋಕೆ ನನ್ನಿಂದಾಗಲ್ಲ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಅಕ್ಕನ್ನ ಚೆನ್ನಾಗಿ ನೋಡ್ಕೊಳ್ಳಿ.”

ಗುರುವಾರ ಕೋಚ್ ಒಬ್ಬನೇ ಬಸ್ಸು ಹತ್ತಿ ಆ ಮನೆಗೆ ಹೋದ. ಬಾಗಿಲ ಸದ್ದಿಗೆ ಹುಡುಗ ತಿರುಗಿದ. ಕೋಚನ್ನು ನೋಡಿ, ಅವನ ಬೆನ್ನ ಹಿಂದೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಕೋಚ್ ನೆಲದ ಮೇಲೆ ಕೂತು ಅವನ ಕೈಗೆ ಕೈ ಚಾಚಿದ. ಹುಡುಗ ಕೈಯನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆ ಹೊರಳಿದ. ಸಂಜೆಯಾಗುವವರೆಗೂ ಕೋಚ್ ಅಲ್ಲೇ ಕೂತಿದ್ದ. ತಾಯಿ ಯಂತ್ರ ತುಳಿಯುತ್ತಲೇ ಇದ್ದಳು. ಕ್ಷಮಿಸಿ ಎಂದು ಇಬ್ಬರಲ್ಲಿ ಯಾರು ಯಾರಿಗೆ ಹೇಳಬೇಕು ಎಂದು ತಿಳಿಯದೆ ಯಾರೂ ಹೇಳಲಿಲ್ಲ.

ಮನೆಗೆ ಬಂದು ಅವತ್ತು ಮೊದಲ ಸಲ ಎಲ್ಲವನ್ನೂ ಹೆಂಡತಿಗೆ ಹೇಳಿದ. ಹಿತ್ತಲಲ್ಲಿ ಆ ತಾಯಿ ಹೇಳಿದ್ದು, ಟೀ ಅಂಗಡಿಯಲ್ಲಿ ತಾನು ಹೇಳದೆ ಹೋದದ್ದು, ಫೋನಿನಲ್ಲಿ ಮರಿ ಅಂದದ್ದು. ಅವಳು ಮಕ್ಕಳ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಕೈಯಲ್ಲೇ ಉಳಿಯಿತು.

“ಇಷ್ಟು ದಿನ ಇದನ್ನ ಒಬ್ಬರೇ ಇಟ್ಕೊಂಡಿದ್ರಾ?”

“ಹೂಂ.”

“ನನಗಾದ್ರೂ ಹೇಳಿದ್ರೆ ನಾನು ಅವನಿಗೆ ಹೇಳ್ತಿದ್ದೆ. ಕೂರಿಸ್ಕೊಂಡು ಹೇಳ್ತಿದ್ದೆ. ಅತ್ತು ಅತ್ತು, ಆಮೇಲೆ ಅವನೇ ಹೋಗ್ತಿದ್ದನೇನೋ, ಹೋಗ್ತಿರ್ಲಿಲ್ವೇನೋ. ನಮ್ಮ ಹುಡುಗನಾಗೇ ಉಳೀತಿದ್ದ.”

ಒಳಕೋಣೆಯ ಟಿವಿಯಲ್ಲಿ ವಾರದ ಪಂದ್ಯಗಳ ಸುದ್ದಿ ಬರುತ್ತಿತ್ತು. ಬಂದರಿನವರು ಮತ್ತೆ ಗೆದ್ದಿದ್ದರು. ಹೊಡೆದವನ ಹೆಸರನ್ನು ಸುದ್ದಿಯವನು ಎಳೆದು ಎಳೆದು ಕೂಗಿದ. ಹೆಂಡತಿ ಎದ್ದು ಹೋಗಿ ಅದನ್ನು ಆರಿಸಿದಳು. ವಾಪಸು ಬಂದು ಅವನ ಎದುರಿಗೆ ಕೂರಲಿಲ್ಲ. ಉತ್ತರ ಪತ್ರಿಕೆಗಳನ್ನು ಎತ್ತಿಕೊಂಡು ಅಡುಗೆಮನೆಯ ಮೇಜಿಗೆ ಹೋದಳು. ಅಲ್ಲಿಂದ ಕಾಗದ ತಿರುವುವ ಸದ್ದು ಮಾತ್ರ ಬರುತ್ತಿತ್ತು.